ಅಪ್ಪನಿಗೆ ಹಾಕಿಸಿದ ಕರಗುವ ಸ್ಟೆಂಟ್: ಹಾಕಿಸುವ ಮೊದಲು ನನಗೆ ಗೊತ್ತಿರಬೇಕಿದ್ದದ್ದು

2014ರಲ್ಲಿ ಅಪ್ಪನಿಗೆ ಆ್ಯಂಜಿಯೋಗ್ರಾಂ ಮಾಡಿದಾಗ ಹೃದಯದ ಒಂದು ರಕ್ತನಾಳ ಮುಕ್ಕಾಲು ಪಾಲು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕುವ ಕೋಣೆ, ಅಂದ್ರೆ ಕ್ಯಾಥ್ ಲ್ಯಾಬ್ ಬಾಗಿಲಿಗೆ ನನ್ನನ್ನು ಕರೆದರು. ಮಾಮೂಲಿ ಲೋಹದ ಸ್ಟೆಂಟ್ (ನಾಳ ತೆರೆದಿಡುವ ಬಲೆಯಂಥ ಪುಟ್ಟ ಕೊಳವೆ) ಹಾಕಬಹುದು, ಇಲ್ಲಾಂದ್ರೆ ಕರಗುವ ಸ್ಟೆಂಟ್ ಇದೆ, ಅದಕ್ಕೆ ಎರಡು ಲಕ್ಷದ ಹತ್ತಿರ ಆಗುತ್ತೆ ಅಂದರು. "ಎರಡು ಮೂರು ವರ್ಷದಲ್ಲಿ ಪೂರ್ತಿ ಕರಗಿ ಹೋಗುತ್ತೆ, ಮೈಯಲ್ಲಿ ಏನೂ ಉಳಿಯಲ್ಲ, ಇದೇ ಲೇಟೆಸ್ಟು." ಅಪ್ಪ ಒಳಗೆ ಟೇಬಲ್ ಮೇಲೆ ಮಲಗಿದ್ದರು. ಯೋಚನೆಗೆ ಸಿಕ್ಕಿದ್ದು ಹತ್ತು ನಿಮಿಷ. ಅಂಥ ಹೊತ್ತಲ್ಲಿ ಯಾವ ಮಗಳು ಕಡಿಮೆ ಬೆಲೆಯದ್ದು ಸಾಕು ಅಂತಾಳೆ? ಸಹಿ ಹಾಕಿದೆ.

ಅಪ್ಪ ಈಗಲೂ ಚೆನ್ನಾಗಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಐದರಲ್ಲಿ ಎರಡು ಸ್ಟಾರ್ ಮಾತ್ರ ಕೊಡುತ್ತೇನೆ, ಯಾಕಂದ್ರೆ ನಮಗೆ ಒಳ್ಳೆಯದಾಯಿತು ಅನ್ನೋದು ಬೇರೆ, ಸಾವಿರಾರು ಜನರಲ್ಲಿ ಏನಾಯಿತು ಅನ್ನೋದು ಬೇರೆ.

ಹಾಕಿದ್ದು ಅಬಾಟ್ ಕಂಪನಿಯ ಅಬ್ಸಾರ್ಬ್. ಆಪರೇಷನ್ ಆದಮೇಲೆ ತಾನಾಗೇ ಕರಗುವ ಹೊಲಿಗೆ ದಾರ ಇರುತ್ತಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಪ್ಲಾಸ್ಟಿಕ್ಕಿನ ಬಲೆ, ಮೇಲೆ ನಾಳ ಮತ್ತೆ ಕಟ್ಟಿಕೊಳ್ಳದಂತೆ ತಡೆಯುವ ಎವೆರೊಲಿಮಸ್ ಔಷಧಿಯ ಲೇಪ. ರಕ್ತನಾಳ ವಾಸಿಯಾಗುವ ತನಕ ಆನಿಕೆ ಕೊಟ್ಟು ಆಮೇಲೆ ಜಾಗ ಖಾಲಿ ಮಾಡಬೇಕು, ನಾಳ ಮತ್ತೆ ಸಹಜವಾಗಿ ಹಿಗ್ಗಿ ಕುಗ್ಗಬೇಕು. ಈ ಯೋಚನೆ ನನಗೆ ಇವತ್ತಿಗೂ ಇಷ್ಟ. ತೊಂದರೆ ಆ ಬಲೆಯ ಎಳೆಯ ದಪ್ಪದಲ್ಲಿ. ಪ್ಲಾಸ್ಟಿಕ್ಕಿಗೆ ಲೋಹದಷ್ಟು ಗಟ್ಟಿತನ ಇಲ್ಲ, ಹಾಗಾಗಿ ಎಳೆ ದಪ್ಪ ಮಾಡಲೇಬೇಕಾಯಿತು. ಅದೇ ಕಂಪನಿಯ ಲೋಹದ ಸ್ಟೆಂಟ್ ಝಯನ್ಸ್‌ನಲ್ಲಿ ಎಳೆ 81 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಇದರಲ್ಲಿ 150ಕ್ಕೂ ಜಾಸ್ತಿ. ದಪ್ಪ ಎಳೆಯ ಹಿಂದೆ ರಕ್ತ ಸುತ್ತು ಹೊಡೆಯುತ್ತದೆ, ಅಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಗೋಡೆಗೆ ಸರಿಯಾಗಿ ಒತ್ತಿ ಕೂರಿಸದಿದ್ದರೆ, ಕರಗುವಾಗ ಬಿಟ್ಟುಕೊಂಡ ಎಳೆ ನಾಳದ ಒಳಕ್ಕೇ ಚಾಚಿಕೊಳ್ಳಬಹುದು.

ಇದು ಬರೀ ಭಯ ಆಗಿರಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಜುಲೈನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಡಾಕ್ಟರುಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. 2,008 ರೋಗಿಗಳ ಅಬ್ಸಾರ್ಬ್ 3 ಅಧ್ಯಯನದಲ್ಲಿ ಮೂರು ವರ್ಷಕ್ಕೆ ಹೆಪ್ಪುಗಟ್ಟಿದ್ದು ಕರಗುವುದರಲ್ಲಿ ಶೇ. 2.3, ಲೋಹದ್ದರಲ್ಲಿ ಶೇ. 0.7. ನೆದರ್ಲೆಂಡ್ಸ್‌ನ ಐಡಾ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಶೇ. 3.5, ಲೋಹಕ್ಕೆ 0.9. ನೂರಕ್ಕೆ ಎರಡು ಮೂರು ಅಂದ್ರೆ ಸಣ್ಣದು ಅನ್ನಿಸಬಹುದು, ಆದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಅದು ಬಹುತೇಕ ಹಾರ್ಟ್ ಅಟ್ಯಾಕ್. 2017ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಔಷಧಿ ಲೇಪದ ಸ್ಟೆಂಟಿಗೂ ಕರಗುವುದಕ್ಕೂ ಒಂದೇ ಗರಿಷ್ಠ ಬೆಲೆ ಕಟ್ಟಿತ್ತು, 29,600 ರೂಪಾಯಿ. ನಾವು ಕಟ್ಟಿದ ಎರಡು ಲಕ್ಷ ನೆನೆದು ಹೊಟ್ಟೆ ಉರಿಯಿತು.

ಮಾರಾಟ ನಿಲ್ಲಿಸಿದ ಸುದ್ದಿ ಓದಿದ ದಿನ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದ ಸ್ಟೆಂಟ್ ಕಾರ್ಡು ಹುಡುಕಿ ತೆಗೆದೆ. ಅದರ ಸ್ಟಿಕ್ಕರ್ ಮೇಲೆ 3.0 x 18 ಅಂತ ಇತ್ತು, ಅಂದ್ರೆ ಮೂರು ಮಿಲಿಮೀಟರ್ ಅಗಲ, ಹದಿನೆಂಟು ಉದ್ದ. ಬೇರೆ ಡಾಕ್ಟರ ಹತ್ತಿರ ಓಡಿದೆ. ಮೂರು ಮಿಲಿಮೀಟರ್ ಇರೋದು ಸ್ವಲ್ಪ ಸಮಾಧಾನ, ತೀರಾ ಸಣ್ಣ ನಾಳಗಳಲ್ಲೇ ಕಾಟ ಜಾಸ್ತಿ ಅಂದರು. ಅಪ್ಪ "ಕರಗಿ ಹೋಗಿದ್ಯಲ್ಲ, ಇನ್ನು ಮಾತ್ರೆ ಯಾಕೆ" ಅಂತ ಹಟ ಹಿಡಿದಿದ್ದರು. ಸ್ಟೆಂಟ್ ಹೋದರೂ ಕಾಯಿಲೆ ಇದ್ದೇ ಇರುತ್ತೆ, ನನ್ನನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ ಅಂತ ಡಾಕ್ಟರು ಗಟ್ಟಿಯಾಗಿ ಹೇಳಿದ ಮೇಲೆ ಸುಮ್ಮನಾದರು. ಆಮೇಲೆ ಅಬ್ಸಾರ್ಬ್ 3 ಅಧ್ಯಯನದ ಐದು ವರ್ಷದ ಫಲಿತಾಂಶ ಬಂತು. ಮೂರು ವರ್ಷ ದಾಟಿದವರಿಗೆ ಆ ಹೆಚ್ಚುವರಿ ಅಪಾಯ ಕಾಣಲಿಲ್ಲ. ಆ ದಿನ ನಿದ್ದೆ ಬಂತು.

ಈಗ ಹೊಸವು ಬಂದಿವೆ. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೆರೆಸ್ 100ರಲ್ಲಿ ಎಳೆ 100 ಮೈಕ್ರಾನ್. ಭಾರತದಲ್ಲೇ 108 ರೋಗಿಗಳ ಮೇಲೆ ನೋಡಿದಾಗ ಫಲಿತಾಂಶ ಚೆನ್ನಾಗಿತ್ತು, ಆದರೆ 108 ಜನ ಸಾಲದು, ಹೋಲಿಸಲು ಲೋಹದ ಗುಂಪೂ ಇರಲಿಲ್ಲ. ಮೆಗ್ನೀಸಿಯಂನದನ್ನು ಬಯೋಟ್ರಾನಿಕ್ ಕಂಪನಿ ತಂದಿತು, ಅದು ಸುಮಾರು ಒಂದು ವರ್ಷದಲ್ಲೇ ಕರಗುತ್ತದೆ. ಇನ್ನು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಎಸ್‌ಪ್ರಿ ಅನ್ನೋ ಕರಗುವ ಸ್ಟೆಂಟ್ ಮೊಣಕಾಲ ಕೆಳಗಿನ ರಕ್ತನಾಳಕ್ಕೆ, ಹೃದಯಕ್ಕಲ್ಲ. ವಾಟ್ಸಾಪ್‌ನಲ್ಲಿ ಯಾರಾದರೂ ಕಳಿಸಿದರೆ ಇದನ್ನು ನೆನಪಿಡಿ.

ಮೊನ್ನೆ ಚಿಕ್ಕಪ್ಪನ ಮಗ ಕೇಳಿದಾಗ ನಾನು ಹೇಳಿದ್ದು ಇಷ್ಟೇ: ಸುಮ್ನೆ ಔಷಧಿ ಲೇಪದ ಲೋಹದ ಸ್ಟೆಂಟ್ ಹಾಕಿಸ್ಕೋ. ಯುರೋಪಿನ ಹೃದ್ರೋಗ ತಜ್ಞರ ಸಂಘ ಕೂಡ 2018ರಲ್ಲಿ ಕರಗುವುದನ್ನು ಅಧ್ಯಯನದ ಹೊರಗೆ ಬಳಸಬೇಡಿ ಅಂತಲೇ ಹೇಳಿತ್ತು. ಯಾರಾದರೂ ಹಾಕ್ತೀವಿ ಅಂದರೆ ಎಳೆ ಎಷ್ಟು ದಪ್ಪ, ನನ್ನ ನಾಳ ಎಷ್ಟು ಅಗಲ, ಹಾಕಿದಮೇಲೆ ಒಳಗಿನಿಂದ ಸ್ಕ್ಯಾನ್ ಮಾಡಿ ನೋಡ್ತೀರಾ ಅಂತ ಕೇಳಿ. ಸಾಧ್ಯವಾದರೆ ಆ್ಯಂಜಿಯೋಗ್ರಾಂಗೆ ಹೋಗುವ ಹಿಂದಿನ ದಿನವೇ ಕೇಳಿ. ಬಾಗಿಲಲ್ಲಿ ನಿಂತಾಗ ಬಾಯಿ ಬರುವುದಿಲ್ಲ.

ಕಳೆದ ವರ್ಷ ಅಪ್ಪನಿಗೆ ಮತ್ತೆ ಆ್ಯಂಜಿಯೋಗ್ರಾಂ ಮಾಡಿದರು. ನಾಳ ತೆರೆದೇ ಇತ್ತು. ಡಾಕ್ಟರು ಪರದೆ ಮೇಲೆ ಬೆರಳಿಟ್ಟು ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳನ್ನು ತೋರಿಸಿದರು. ಈ ತುದಿಗೆ ಎರಡು, ಆ ತುದಿಗೆ ಎರಡು. ಎಕ್ಸ್‌ರೇಯಲ್ಲಿ ಪ್ಲಾಸ್ಟಿಕ್ ಕಾಣುವುದಿಲ್ಲ ಅಂತ ಗುರುತಿಗೆ ಇಟ್ಟ ಪ್ಲಾಟಿನಂ, ಅದು ಕರಗುವುದಿಲ್ಲವಂತೆ. ಏನೂ ಉಳಿಯಲ್ಲ ಅಂದಿದ್ದರಲ್ಲ, ಆ ನಾಲ್ಕು ಚುಕ್ಕೆ ಉಳಿದಿವೆ.