ಬೆಳ್ಳಿ ಅಯಾನಿನ ಚಿಪ್: ಎಂಟರಲ್ಲಿ ಒಂದನ್ನು ಸುಟ್ಟವಳ ಅನುಭವ

ಚಿಪ್ ಕೈಗೆ ಬಂದ ಹತ್ತೇ ನಿಮಿಷಕ್ಕೆ ಅದರೊಳಗಿನ, ಹರಿದ ಕರೆಂಟಿನ ನೆನಪನ್ನು ರೋಧದಲ್ಲಿ ಇಟ್ಟುಕೊಳ್ಳುವ ಎಂಟು ಮೆಮ್ರಿಸ್ಟರ್‌ಗಳಲ್ಲಿ ಒಂದನ್ನು ಸುಟ್ಟೆ. ತಪ್ಪು ಪೂರ್ತಿ ನನ್ನದೇ. ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ 19 ವರ್ಷ ಕಳೆದವಳು ನಾನು, ಯಾವ ಬಿಡಿಭಾಗ ಸಿಕ್ಕರೂ ಮೊದಲು ಮಲ್ಟಿಮೀಟರ್ ಹಿಡಿದು ‘ಬೀಪ್’ ಬರುತ್ತದಾ ಎಂದು ನೋಡುವ ಚಾಳಿ. ಡಯೋಡ್ ಗುರುತಿಗೆ ತಿರುಗಿಸಿ ಪ್ರೋಬ್ ಮುಟ್ಟಿಸಿದೆ. ಆ ಜಾಗದಲ್ಲಿ ಮೀಟರಿನಿಂದ ಎರಡು-ಮೂರು ವೋಲ್ಟ್ ಹೊರಗೆ ಬರುತ್ತದೆ. ಈ ಚಿಪ್ಪಿಗೆ ಎಚ್ಚರವಾಗಲು ಕಾಲು ವೋಲ್ಟ್ ಸಾಕು. ಬೀಪ್ ಏನೋ ಬಂತು. ಆಮೇಲೆ ಆ ಒಂದು ಘಟಕ ಶಾರ್ಟ್ ಆಗಿ ಕೂತಿದ್ದು ಇವತ್ತಿಗೂ ಏಳಲಿಲ್ಲ.

ತಂದುಕೊಟ್ಟವನು ಅಮೆರಿಕದಲ್ಲಿರುವ ತಮ್ಮ. “ಅಕ್ಕಾ, ಇಷ್ಟು ದುಡ್ಡಿಗೆ ಒಂದು ಆಸಿಲೋಸ್ಕೋಪೇ ಬರ್ತಿತ್ತಲ್ಲ” ಅಂದ. ಸುಳ್ಳಲ್ಲ. ನೋಡಲಿಕ್ಕೆ ನಮ್ಮ ಲ್ಯಾಬಿನ ಡಬ್ಬಿಯಲ್ಲಿ ರಾಶಿ ಬಿದ್ದಿರುವ 16 ಕಾಲಿನ ಐಸಿಗಳ ಹಾಗೆಯೇ ಇದೆ. ಒಳಗೆ ಮಾತ್ರ ಒಂದೂ ಟ್ರಾನ್ಸಿಸ್ಟರ್ ಇಲ್ಲ. ತಯಾರಕರ ಹೆಸರು ಬರೆದು ಜಾಹೀರಾತು ಮಾಡುವ ಇಚ್ಛೆ ನನಗಿಲ್ಲ. ಬೆಳ್ಳಿ ಅಯಾನಿನ ಮೆಮ್ರಿಸ್ಟರನ್ನು ಬಿಡಿಯಾಗಿ ಮಾರುವವರು ಬೆರಳೆಣಿಕೆಯಷ್ಟೇ, ಹುಡುಕಿದರೆ ಸಿಗುತ್ತಾರೆ.

ಒಳಗಿನ ಸಂಗತಿ ಇಷ್ಟು. ಜರ್ಮೇನಿಯಂ ಸೆಲೆನೈಡಿನ ತೆಳುಪದರ, ಅದರ ಒಂದು ಬದಿಯಲ್ಲಿ ಬೆಳ್ಳಿ. ಒಂದು ದಿಕ್ಕಿನಲ್ಲಿ ವೋಲ್ಟೇಜ್ ಕೊಟ್ಟರೆ ಧನ ಆವೇಶದ ಬೆಳ್ಳಿ ಅಯಾನುಗಳು ಪದರದೊಳಕ್ಕೆ ನುಗ್ಗಿ ದಾರಿ ಮಾಡುತ್ತವೆ, ರೋಧ ಇಳಿಯುತ್ತದೆ. ದಿಕ್ಕು ತಿರುಗಿಸಿದರೆ ವಾಪಸ್ ಹೊರಡುತ್ತವೆ, ರೋಧ ಏರುತ್ತದೆ. ಕರೆಂಟ್ ತೆಗೆದರೆ ಎಲ್ಲಿದ್ದವೋ ಅಲ್ಲೇ. ಹುಡುಗರಿಗೆ ನಾನು ಹೇಳುವುದು, ಹುಲ್ಲುಗಾವಲಿನಲ್ಲಿ ದನ ತುಳಿದ ಕಾಲುದಾರಿ ಅಂತ. “ದನ ಹಿಂದೆ ಹಿಂದೆ ನಡೆದರೆ ಹುಲ್ಲು ಮತ್ತೆ ಬೆಳೆಯುತ್ತಾ ಮೇಡಂ?” ಎಂದು ಒಬ್ಬ ಕೇಳಿದ. ಹೋಲಿಕೆ ಅಲ್ಲಿಗೆ ಮುಗಿಯಿತು.

ಹೀಗೊಂದು ಘಟಕ ಇರಲೇಬೇಕು ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಲಿಯಾನ್ ಚುವಾ 1971ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ರೆಸಿಸ್ಟರ್, ಕೆಪಾಸಿಟರ್, ಇಂಡಕ್ಟರ್ ಜೊತೆಗೆ ನಾಲ್ಕನೆಯದು. 2008ರಲ್ಲಿ ಎಚ್‌ಪಿ ಪ್ರಯೋಗಾಲಯದವರು ಟೈಟಾನಿಯಂ ಡೈಆಕ್ಸೈಡಿನಲ್ಲಿ ‘ಇಗೋ ಸಿಕ್ಕಿತು’ ಎಂದರು. ಅವರದರಲ್ಲಿ ಓಡಾಡುವುದು ಬೆಳ್ಳಿಯಲ್ಲ, ಆಮ್ಲಜನಕ ಬಿಟ್ಟುಹೋದ ಖಾಲಿ ಜಾಗಗಳು. ಅವಕ್ಕೂ ಆವೇಶ ಇರುತ್ತದೆ.

ಉಳಿದ ಏಳರ ವಿಷಯಕ್ಕೆ ಬರುತ್ತೇನೆ. ಮೊದಲು 47 ಕಿಲೋಓಮ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿದೆ. ಇದಿಲ್ಲದೆ ಈ ಚಿಪ್ಪನ್ನು ಮುಟ್ಟಲೇಬಾರದು. ಫಂಕ್ಷನ್ ಜನರೇಟರಿನಿಂದ ಅರ್ಧ ವೋಲ್ಟಿನ ಸೈನ್ ಅಲೆ, 100 ಹರ್ಟ್ಜ್. ಸ್ಕೋಪನ್ನು ಎಕ್ಸ್-ವೈ ಮೋಡಿಗೆ, ಅಂದರೆ ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ಕರೆಂಟ್ ತೋರಿಸುವಂತೆ, ಹಾಕಿದ ಕೂಡಲೇ ಪರದೆ ಮೇಲೆ ನಡುವೆ ಹಿಂಡಿದ ಎಂಟರ ಆಕಾರ ಮೂಡಿತು. ಸೊಟ್ಟದಾಗಿತ್ತು, ಒಂದು ಕಿವಿ ದೊಡ್ಡದು, ಇನ್ನೊಂದು ಚಿಕ್ಕದು. ಆದರೂ ನಡುಗಂಟು ಸರಿಯಾಗಿ ಸೊನ್ನೆಯ ಮೇಲೇ ಇತ್ತು. ಆವರ್ತನ ಏರಿಸುತ್ತಾ ಹೋದ ಹಾಗೆ ಆ ಎಂಟು ಸೊರಗಿ ಸೊರಗಿ ಬರೀ ಗೆರೆಯಾಯಿತು, ಅಯಾನುಗಳಿಗೆ ಅಷ್ಟು ಬೇಗ ಓಡಾಡಲು ಪುರುಸೊತ್ತಿಲ್ಲ. ಪಠ್ಯದಲ್ಲಿ ಎಷ್ಟು ಸಲ ಬರೆಸಿದ್ದೆನೋ ಏನೋ, ಕಣ್ಣಾರೆ ಕಂಡದ್ದು ಅವತ್ತೇ. ಕೊಟ್ಟ ದುಡ್ಡಿನಲ್ಲಿ ಅರ್ಧ ಅಲ್ಲಿಗೇ ವಸೂಲು.

ಶನಿವಾರ ಒಂದನ್ನು ‘1’ಕ್ಕೆ ಬರೆದು, ಅಂದರೆ ರೋಧ ಇಳಿಸಿ, ಚಿಪ್ಪನ್ನು ಕಪ್ಪು ಸ್ಪಂಜಿಗೆ ಚುಚ್ಚಿಟ್ಟು ಮನೆಗೆ ಹೋದೆ. ಸೋಮವಾರ 50 ಮಿಲಿವೋಲ್ಟಿನಲ್ಲಿ ಮೆಲ್ಲಗೆ ಓದಿದರೆ ಇನ್ನೂ ‘1’. ರೋಧ ಸ್ವಲ್ಪ ಏರಿತ್ತು, ಗುರುತು ಸಿಗದಷ್ಟಲ್ಲ. ಓದುವಾಗ ವೋಲ್ಟೇಜ್ ಕೊಂಚ ಹೆಚ್ಚಾದರೂ ಓದಿದ್ದೇ ಬರೆದಂತಾಗುತ್ತದೆ. ಬೀಪ್ ಚಾಳಿಯವರಿಗೆ ಇದು ದೊಡ್ಡ ಶಿಕ್ಷೆ.

ನನ್ನ ಅಸಲಿ ಆಸೆ ಇದರಲ್ಲಿ ತರ್ಕ ನಡೆಸುವುದು. 2010ರಲ್ಲಿ ಎಚ್‌ಪಿಯವರೇ ತೋರಿಸಿದ ಉಪಾಯ: ಎರಡು ಮೆಮ್ರಿಸ್ಟರ್, ಪಿ ಮತ್ತು ಕ್ಯು ಎನ್ನೋಣ, ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್. ಪಿ ಮೇಲೆ ಸಣ್ಣ ವೋಲ್ಟೇಜ್, ಕ್ಯು ಮೇಲೆ ದೊಡ್ಡದು. ಪಿ ‘0’ ಇದ್ದರೆ ಕ್ಯು ಪೂರ್ತಿ ವೋಲ್ಟೇಜ್ ತಿಂದು ‘1’ ಆಗುತ್ತದೆ. ಪಿ ‘1’ ಇದ್ದರೆ ನಡುಬಿಂದುವಿನ ವೋಲ್ಟೇಜ್ ಮೇಲೇರಿ ಕ್ಯುಗೆ ಸಾಲದಾಗುತ್ತದೆ, ಅದು ಇದ್ದ ಹಾಗೇ ಉಳಿಯುತ್ತದೆ. ‘ಪಿ ಆದರೆ ಕ್ಯು’ ಎಂಬ ತರ್ಕ ಇದೇ. ಉತ್ತರ ಹೊರಗೆಲ್ಲೂ ಹೋಗುವುದಿಲ್ಲ, ಕ್ಯು ಒಳಗೇ ಕೂತಿರುತ್ತದೆ. ಮೂರು ಮೆಮ್ರಿಸ್ಟರ್, ಮೂರು ಹೆಜ್ಜೆ ಸೇರಿದರೆ ನ್ಯಾಂಡ್, ಅಂದರೆ ಎರಡೂ ‘1’ ಇದ್ದಾಗ ಮಾತ್ರ ‘0’ ಕೊಡುವ ತರ್ಕ. ನ್ಯಾಂಡ್ ಇದ್ದರೆ ಯಾವ ತರ್ಕವನ್ನು ಬೇಕಾದರೂ ಕಟ್ಟಬಹುದು.

ಕಾಗದದ ಮೇಲೆ. ನನ್ನ ಬ್ರೆಡ್‌ಬೋರ್ಡಿನಲ್ಲಿ 0.15 ಮತ್ತು 0.35 ವೋಲ್ಟ್ ಇಟ್ಟೆ. ಕ್ಯುಗೆ ‘ಸಾಲದು’ ಮತ್ತು ‘ಸಾಕು’ ಎರಡರ ನಡುವೆ ಉಳಿದದ್ದು ಕೂದಲೆಳೆಯಷ್ಟು ಜಾಗ. ಏಳು ಮೆಮ್ರಿಸ್ಟರ್‌ಗಳದೂ ಏಳು ಹದ, ಅದೇ ಒಂದು ಬೆಳಿಗ್ಗೆ ಒಂದು ಥರ, ಊಟದ ನಂತರ ಇನ್ನೊಂದು ಥರ. ಹತ್ತರಲ್ಲಿ ಏಳು ಸಲ ಸರಿ ಉತ್ತರ ಬಂತು, ಅದೂ ಜೋಡಿಯನ್ನು ಆರಿಸಿ ಆರಿಸಿ ಹಾಕಿದ ಮೇಲೆ. ನ್ಯಾಂಡ್ ಇನ್ನೂ ಒಲಿದಿಲ್ಲ. ಇದನ್ನು ಈ ಒಂದು ಚಿಪ್ಪಿನ ದೋಷ ಎನ್ನುವಂತಿಲ್ಲ. ಅಯಾನು ಪ್ರತಿ ಸಲವೂ ಹೊಸದಾಗಿ ದಾರಿ ಮಾಡಿಕೊಳ್ಳಬೇಕಾದ್ದರಿಂದ ಈ ಜಾತಿಯ ಘಟಕಗಳಿಗೆಲ್ಲ ಇರುವ ಗುಣವೇ ಇದು.

ಇನ್ನು ವಿದ್ಯುತ್ ಉಳಿತಾಯ. ಇದನ್ನು ಕೊಳ್ಳುವವರೆಲ್ಲ ಕೇಳುವುದು ಅದನ್ನೇ. ಲೆಕ್ಕ ಹಾಕಿದೆ: 0.3 ವೋಲ್ಟ್, 5 ಮೈಕ್ರೋಆಂಪಿಯರ್, ನನ್ನ ಪಲ್ಸಿನ ಅವಧಿ ಒಂದು ಮಿಲಿಸೆಕೆಂಡ್. ಒಂದು ಸಲ ತಿರುಗಿಸಲು 1.5 ನ್ಯಾನೋಜೂಲ್. ಕೇಳಲು ಏನೂ ಅಲ್ಲ. ಆದರೆ 45 ನ್ಯಾನೋಮೀಟರ್ ತಂತ್ರಜ್ಞಾನದ ಹಳೇ ಟ್ರಾನ್ಸಿಸ್ಟರ್ ಚಿಪ್ ಎರಡು 32 ಬಿಟ್ ಪೂರ್ಣಾಂಕಗಳನ್ನು ಕೂಡಲು ತೆಗೆದುಕೊಳ್ಳುವುದು ಸುಮಾರು 0.1 ಪೈಕೋಜೂಲ್. ನನ್ನ ಮೇಜಿನ ಮೇಲಿನ ಬೆಳ್ಳಿ ಅದರ 15,000 ಪಟ್ಟು ತಿಂದಿದೆ. ಉದ್ದ ಪಲ್ಸ್ ನನ್ನ ಉಪಕರಣದ ಬಡತನ, ಒಪ್ಪಿದೆ. ಚಿಕ್ಕದು ಮಾಡಿದಷ್ಟೂ ಖರ್ಚು ಇಳಿಯುತ್ತದೆ.

ಆದರೆ ಕತೆಯ ಇನ್ನೊಂದು ಮುಖವೂ ಇದೆ. ಅದೇ 45 ನ್ಯಾನೋಮೀಟರ್ ಲೆಕ್ಕದಲ್ಲಿ, ಕೂಡಬೇಕಾದ 32 ಬಿಟ್‌ಗಳನ್ನು ಡಿರ‍್ಯಾಮಿನಿಂದ (ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ) ತರಿಸಲು 640 ಪೈಕೋಜೂಲ್ ಬೇಕು. ಸಾಮಾನಿಗಿಂತ ಸಾಗಾಣಿಕೆ ಖರ್ಚು 6,400 ಪಟ್ಟು! ನೆನಪೂ ಲೆಕ್ಕವೂ ಒಂದೇ ಜಾಗದಲ್ಲಿದ್ದರೆ ಈ ಓಡಾಟವೇ ತಪ್ಪುತ್ತದೆ. ಅಯಾನಿನ ಚಿಪ್ ಮಾಡುವವರು ನೆಚ್ಚಿಕೊಂಡಿರುವುದು ಅದನ್ನೇ.

“ಅಮೆರಿಕದಿಂದ ಯಾಕೆ ಮೇಡಂ, ಬೆಂಗಳೂರಲ್ಲೇ ಮಾಡಿದಾರಂತಲ್ಲ?” ಎಂದು ಹುಡುಗಿಯೊಬ್ಬಳು ಕೇಳಿದಳು. ಅವಳು ಹೇಳಿದ್ದು ಐಐಎಸ್‌ಸಿಯ ಶ್ರೀತೋಷ್ ಗೋಸ್ವಾಮಿ ತಂಡದ ಕೆಲಸ. 2024ರಲ್ಲಿ ಅವರು ಅಣುಗಳ ತೆಳುಪದರವೊಂದರಲ್ಲಿ 16,500 ಬೇರೆ ಬೇರೆ ವಾಹಕತೆಯ ಮಟ್ಟಗಳನ್ನು ಹಿಡಿದು ನಿಲ್ಲಿಸಿದರು. ನಾನು ಎರಡೇ ಮಟ್ಟಕ್ಕೆ ಒದ್ದಾಡುತ್ತಿದ್ದೇನೆ. ಆದರೆ ಅದು ಪ್ರಯೋಗಾಲಯದ ಸಾಧನೆ, ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೊಳ್ಳುವ ಸಾಮಾನಲ್ಲ.

ಕೊಳ್ಳಬೇಕೇ? ಸ್ಕೋಪ್, ಮಣಿಕಟ್ಟಿಗೆ ಕಟ್ಟುವ ಅರ್ಥ್ ಪಟ್ಟಿ, ಬೇಕಾದಷ್ಟು ತಾಳ್ಮೆ ಇರುವ ಲ್ಯಾಬುಗಳು ಕಣ್ಣುಮುಚ್ಚಿ ತೆಗೆದುಕೊಳ್ಳಲಿ. ಪ್ರಾಜೆಕ್ಟ್ ಮಾಡಿ ಮಾರ್ಕ್ಸ್ ತೆಗೆಯಬೇಕಾದ ಹುಡುಗರಿಗೆ ಬೇಡ, ಪ್ರದರ್ಶನದ ದಿನವೇ ಕೈಕೊಡುತ್ತದೆ. ಕರೆಂಟ್ ಬಿಲ್ಲಿನ ಆಸೆಯಿಂದಂತೂ ಬೇಡವೇ ಬೇಡ.

ಚಿಪ್ಪಿನ ಡಬ್ಬಿಯ ಮೇಲೆ ಈಗ ಬಿಳಿ ಟೇಪಿದೆ, ಅದರಲ್ಲಿ ಹುಡುಗರ ಅಕ್ಷರದಲ್ಲಿ ‘ಮೇಡಂ, ಬೀಪ್ ಹಾಕಬೇಡಿ’ ಎಂದಿದೆ.