ಬಣ್ಣದ ಓದುಹಾಳೆ: ಬಣ್ಣ ಸರಿ, ಹೊಳಪೇ ಕಾಟ

ಪುಟದ ಮೇಲೆ ಇಟ್ಟು ಓದುವ ಎ4 ಬಣ್ಣದ ಪ್ಲಾಸ್ಟಿಕ್ ಹಾಳೆಗಳ ಸೆಟ್, ಒಂದು ವರ್ಷದ ದಿನನಿತ್ಯ ಬಳಕೆ. ಐದಕ್ಕೆ ಮೂರು ನಕ್ಷತ್ರ.

ಸಾಲುಗಳು ಅಲುಗುವುದು, ಬಿಳಿ ಕಣ್ಣಿಗೆ ಕುಕ್ಕುವುದು, ಅರ್ಧ ಪುಟಕ್ಕೇ ಹಣೆ ಹಿಡಿದುಕೊಳ್ಳುವುದು ಗೊತ್ತಿದ್ದವರಿಗೆ ಇದು ಯಾಕೆಂದು ಹೇಳಬೇಕಿಲ್ಲ. ಕಪ್ಪು ಸಾಲು, ಬಿಳಿ ಸಂದು ಸೇರಿ ಪುಟವೇ ಪಟ್ಟೆಪಟ್ಟೆಯಾಗಿ ಹೊಡೆಯುತ್ತದೆ. ತೆಳು ಬಣ್ಣ ಕೆಲವರಿಗೆ ಆ ಹೊಡೆತ ತಗ್ಗಿಸುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಂದಿಗೇ ಇಳಿಯುವುದರಿಂದ ಸಾಲು ಒತ್ತೊತ್ತಾಗಿರುವ ಅಗ್ಗದ ಮುದ್ರಣದಲ್ಲಿ ಪಾಡು ಇನ್ನೂ ಹೆಚ್ಚು.

ಬಣ್ಣವನ್ನು ಇಷ್ಟ ನೋಡಿ ಆರಿಸಬೇಡಿ. ಒಂದೇ ಪುಟದ ಮೇಲೆ ಎರಡು ಹಾಳೆ ಅಕ್ಕಪಕ್ಕ ಇಡಿ, ಹಿತವಾದದ್ದು ಉಳಿಯಲಿ, ಅದಕ್ಕೆ ಮೂರನೆಯದರ ಜೋಡಿ. ವಾರ ಬಿಟ್ಟು ಮತ್ತೆ ಮಾಡಿದಾಗ ಬೇರೆ ಬಣ್ಣ ಗೆದ್ದರೆ ಅನುಮಾನಪಡಿ. ಆಮೇಲೆ ಮರ, ಮನೆ, ನಾಯಿ, ಹಾಲು ಥರದ 15 ಸಣ್ಣ ಪದಗಳನ್ನು ಪ್ರತಿ ಸಾಲಿನಲ್ಲೂ ಕಲಸಿ ಹತ್ತು ಸಾಲು ಮುದ್ರಿಸಿ. ಸಾಲಿಗೆ ಅರ್ಥವಿಲ್ಲದ್ದರಿಂದ ಊಹಿಸಿ ಓದಲಾಗದು. ಒಂದೊಂದು ನಿಮಿಷ ಗಟ್ಟಿಯಾಗಿ ಓದಿ: ಹಾಳೆಯಿಲ್ಲದೆ, ಹಾಳೆಯೊಂದಿಗೆ, ಮತ್ತೆ ಹಾಳೆಯೊಂದಿಗೆ, ಕೊನೆಗೆ ಇಲ್ಲದೆ. ಸರಿಯಾಗಿ ಓದಿದ ಪದ ಶೇ. 5ರಷ್ಟೂ ಹೆಚ್ಚದಿದ್ದರೆ ಹಾಳೆ ಡ್ರಾಯರಿಗೆ.

ಇನ್ನು ಹೊಳಪು. ಟ್ಯೂಬ್‌ಲೈಟ್ ನೆತ್ತಿಯ ಮೇಲಿದ್ದರೆ ಹಾಳೆಯ ನಡುವೆ ಅದರ ಬಿಳಿ ಗೆರೆ ಹಾಗೇ ಮೂಡಿ ನಾಲ್ಕು ಸಾಲು ಮಾಯ. ಪುಸ್ತಕ ಓರೆ ಮಾಡಿದರೆ ಗೆರೆ ಕೆಳಗಿನ ಸಾಲಿಗೆ ಜಾರುತ್ತದೆ, ಅಷ್ಟೇ. ಕುಕ್ಕುವುದನ್ನು ತಪ್ಪಿಸಲು ಕೊಂಡದ್ದೇ ಕುಕ್ಕಿದರೆ ಏನು ಹೇಳುವುದು? (ಹಳೆಯ ಚೋಕ್ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುವುದೂ ಕೆಲವರಿಗೆ ಹಿಂಸೆ.) ಮ್ಯಾಟ್ (ಹೊಳೆಯದ) ಬದಿ ಮೇಲಿಟ್ಟರೆ ಹೊಳಪು ಸಾಯುತ್ತದೆ, ಆದರೆ ಹಾಳೆ ಕಾಗದಕ್ಕೆ ಅಂಟಿಕೊಂಡೇ ಇರಬೇಕು. ದಪ್ಪ ಕಾದಂಬರಿಯ ಬೆನ್ನಿನ ಬಳಿ ಪುಟ ಬಾಗಿ ಎರಡು ಮಿಲಿಮೀಟರ್ ಸಂದಾದರೂ ಅಕ್ಷರಗಳು ಮಂಜಿನೊಳಗೆ.

ಕತ್ತರಿ ಹಾಕಿದ ಮೇಲೆ ಕೋಪ ಇಳಿಯಿತು. 4 ಸೆಂ.ಮೀ. ಅಗಲದ ಪಟ್ಟಿಗಳಾಗಿ ಅಡ್ಡ ಕತ್ತರಿಸಿದರೆ ಒಂದು ಎ4ಗೆ ಏಳು ಪಟ್ಟಿ. ಮೂಲೆಗಳನ್ನು ಉಗುರುಕತ್ತರಿಯಲ್ಲಿ ದುಂಡಗೆ ಮಾಡಿ, ಇಲ್ಲದಿದ್ದರೆ ಪುಟ ಗೀರುತ್ತದೆ. ಮೇಲಂಚು ಓದುವ ಸಾಲಿನ ತಲೆಗೆ, ಎಡ ಹೆಬ್ಬೆರಳಿನಲ್ಲಿ ಕೆಳಕ್ಕೆ ತಳ್ಳುತ್ತಾ ಹೋದರಾಯಿತು. ಬೆಳಕು ಬಡಿದರೆ ಪಟ್ಟಿಯೊಂದನ್ನೇ ತುಸು ಓರೆ ಮಾಡಬಹುದು, ಬೆನ್ನಿನ ಬಳಿ ಒತ್ತಿ ಹಿಡಿಯಲೂ ಸುಲಭ. ಓದುವ ಸಾಲೂ ತಪ್ಪುವುದಿಲ್ಲ. ಅಂಗಡಿಯ ಜಿಲೆಟಿನ್ ಪೇಪರ್ ಇಷ್ಟು ಮಾಡದು: ಬಣ್ಣ ಗಾಢ, ಸುಕ್ಕು ಬೇರೆ.

ಪಿವಿಸಿ ಹಾಳೆಯನ್ನು ಜೆರಾಕ್ಸ್ ನೋಟ್ಸಿನೊಳಗೆ ಬಿಟ್ಟು ಹೋಗಬೇಡಿ. ಸೆಖೆಗೆ ಟೋನರ್ (ಜೆರಾಕ್ಸಿನ ಶಾಯಿಪುಡಿ) ಕಿತ್ತುಬಂದು ಅಕ್ಷರಗಳು ಹಾಳೆಯ ಮೇಲೇ ಅಚ್ಚಾಗುತ್ತವೆ. ಪಾಲಿಪ್ರೊಪಿಲೀನ್ ಆದರೆ ಆ ಭಯವಿಲ್ಲ.

ಮಗುವಿಗೆಂದು ಕೊಳ್ಳುವವರು ಮೊದಲು ಕಣ್ಣಿನ ತಪಾಸಣೆ ಮಾಡಿಸಿ. ಪವರ್ ದೋಷಕ್ಕೂ, ಎರಡು ಕಣ್ಣು ಹತ್ತಿರಕ್ಕೆ ಕೂಡದ ತೊಂದರೆಗೂ ಇದೇ ಲಕ್ಷಣ. ಡಿಸ್ಲೆಕ್ಸಿಯಾಗೆ (ಓದು-ಬರಹ ಕಲಿಯುವ ತೊಂದರೆಗೆ) ಇದು ಮದ್ದಲ್ಲ. ಬಣ್ಣದ ಲೆನ್ಸಿನಿಂದ ಅದಕ್ಕೆ ಉಪಯೋಗವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಹೇಳಿವೆ. ಯಾರೂ ನೆನಪಿಸದೆ ಒಂದು ತಿಂಗಳು ಹಾಳೆಗೇ ಕೈ ಹೋದರೆ ಬಣ್ಣದ ಕನ್ನಡಕದ ಯೋಚನೆ ಮಾಡಬಹುದು. ಆಗಲೂ ಹಾಳೆಯ ಬಣ್ಣವನ್ನೇ ಲೆನ್ಸಿಗೆ ಹಾಕಿಸಬೇಡಿ. ಹಾಳೆ ಪುಟಕ್ಕಷ್ಟೇ ಬಣ್ಣ ಹಚ್ಚುತ್ತದೆ, ಕನ್ನಡಕ ಕಂಡದ್ದಕ್ಕೆಲ್ಲ; ಎರಡಕ್ಕೂ ಒಗ್ಗುವ ಬಣ್ಣ ಬೇರೆಯಾಗಬಹುದು.