ಮುಲ್‌ವಾಡ್ ಬ್ರೌಸರ್: ಎಲ್ಲರಂತೆ ಕಾಣಿಸುವ ರಕ್ಷಣೆ

ಕುಕೀಗಳನ್ನು (ನಮ್ಮನ್ನು ನೆನಪಿಡಲು ಜಾಲತಾಣಗಳು ಬ್ರೌಸರಿನಲ್ಲಿ ಉಳಿಸುವ ಪುಟ್ಟ ಮಾಹಿತಿ) ಅಳಿಸಿದರೂ ಪರದೆಯ ಅಳತೆ, ಸಮಯವಲಯ, ಗ್ರಾಫಿಕ್ಸ್ ಮೂಡುವ ರೀತಿ ಹಾಗೂ ಫಾಂಟುಗಳ ಪಟ್ಟಿಯನ್ನು ಜೋಡಿಸಿ ಜಾಲತಾಣಗಳು ನಮ್ಮ ಕಂಪ್ಯೂಟರನ್ನು ಗುರುತಿಸಬಲ್ಲವು; ನುಡಿ, ಬರಹದಂತಹ ಕನ್ನಡ ಫಾಂಟುಗಳನ್ನು ಅಳವಡಿಸಿಕೊಂಡವರಂತೂ ಜಗತ್ತಿನ ಬಳಕೆದಾರರ ನಡುವೆ ಇನ್ನಷ್ಟು ಎದ್ದು ಕಾಣುತ್ತಾರೆ. ಗುರುತು ಮರೆಸುವ ಟಾರ್ ಬ್ರೌಸರನ್ನು ರೂಪಿಸಿದ ಟಾರ್ ಪ್ರಾಜೆಕ್ಟ್ ಮತ್ತು ಸ್ವೀಡನ್ನಿನ ಮುಲ್‌ವಾಡ್ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಉಚಿತವಾಗಿ ಹೊರತಂದ ಈ ಬ್ರೌಸರ್ ನಮ್ಮನ್ನು ಅಡಗಿಸುವ ಬದಲು ತನ್ನ ಬಳಕೆದಾರರೆಲ್ಲರನ್ನೂ ಆದಷ್ಟು ಒಂದೇ ರೀತಿ ತೋರಿಸುತ್ತದೆ, ಮತ್ತು ಆ ಆಲೋಚನೆಯೇ ನನಗೆ ಬಹಳ ಹಿಡಿಸಿತು.

ವಿಂಡೋವನ್ನು ಹಿಗ್ಗಿಸಿದಾಗ ಸುತ್ತಲೂ ಖಾಲಿ ಅಂಚು ಬಿಟ್ಟು, ಪುಟದ ಅಳತೆಯನ್ನು ನಿಗದಿತ ಹಂತಗಳಿಗೆ ಹೊಂದಿಸುವುದು ಮೊದಲ ದಿನ ಕಣ್ಣಿಗೆ ಒಗ್ಗಲಿಲ್ಲ, ಆದರೆ ಅದರ ಕಾರಣ ತಿಳಿದ ಮೇಲೆ ಅದನ್ನು ಬದಲಿಸುವ ಮನಸ್ಸಾಗಲಿಲ್ಲ. ಸಮಯವಲಯವನ್ನು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಎಂದೇ ತೋರಿಸುವುದರಿಂದ ಕೆಲವು ತಾಣಗಳಲ್ಲಿ ಗಂಟೆ ಐದೂವರೆ ತಾಸು ಹಿಂದೆ ಕಾಣುತ್ತದೆ. ಮುಚ್ಚಿದೊಡನೆ ಕುಕೀಗಳು ಅಳಿಯುವುದರಿಂದ ಪ್ರತಿ ಸಲವೂ ಲಾಗಿನ್ ಆಗಬೇಕು. ನನ್ನ ಬ್ಯಾಂಕಿನ ತಾಣಕ್ಕೆ ಬೇರೆ ಬ್ರೌಸರನ್ನೇ ಇಟ್ಟುಕೊಂಡಿದ್ದೇನೆ.

ವಿಪಿಎನ್ (ನಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೇವೆ) ಇಲ್ಲದೆ ಬಳಸಿದರೆ, ಅಂತರಜಾಲದಲ್ಲಿ ನಮ್ಮ ಸಂಪರ್ಕವನ್ನು ಸೂಚಿಸುವ ಐಪಿ ವಿಳಾಸ ಬಯಲಾಗಿಯೇ ಇರುತ್ತದೆ ಎಂಬುದನ್ನು ಹೊಸಬರು ಖಂಡಿತ ಅರಿತಿರಬೇಕು. ಮೊಬೈಲ್ ಆವೃತ್ತಿ ಇಲ್ಲದಿರುವುದು ನಿಜವಾದ ಕೊರತೆ. ಇದರೊಡನೆ ಬರುವ ಯುಬ್ಲಾಕ್ ಒರಿಜಿನ್ ಎಂಬ ವಿಸ್ತರಣೆ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಜಾಹೀರಾತುಗಳನ್ನು ತಡೆಯಲು ಸಾಕು, ಬೇರೆ ವಿಸ್ತರಣೆಗಳನ್ನು ಸೇರಿಸಿದರೆ ಮತ್ತೆ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವ ಅಪಾಯವಿದೆ.